ಕರೆಯದೆ ಬರುವವರು

ಮೇಜಿನ ತುಂಬ ಬಟ್ಟಲು ಜೋಡಿಸಿಟ್ಟಾಗಿತ್ತು. ಬಂದವರು ಮಾತ್ರ ಯಾರೂ ಇಲ್ಲ. ಹೆಸರಿನ ಹಬ್ಬಕ್ಕೆ, ಅಂದರೆ ಪಂಚಾಂಗದಲ್ಲಿ ತಮ್ಮ ಹೆಸರಿಗೆಂದು ಗೊತ್ತಾದ ದಿನಕ್ಕೆ, ಲಾಟ್ವಿಯಾದವರು ಯಾರನ್ನೂ ಕರೆಯುವುದಿಲ್ಲ. ನೆನಪಿದ್ದವರು ತಾವೇ ಬರುತ್ತಾರೆ. ಹೋದ ವರ್ಷ ಮಿಕೆಲಿಸನ ದಿನದಂದು ರಷ್ಯದ ಸ್ಮೊಲೆನ್ಸ್ಕ್‌ನ ಈ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಮಿಕೆಲಿಸ್ ಸ್ಪ್ರೋಗಿಸ್ ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದ. ಕ್ರಾಂತಿಯ ಕಾಲದಿಂದ ಕೆಂಪು ಸೇನೆಯಲ್ಲಿ ದುಡಿದು ಡಿವಿಜನ್ನಿನ ದಳಪತಿಯಾಗಿದ್ದವನನ್ನು ಹೋದ ವಾರ ಕೆಳಗಿಳಿಸಿ, ‘ಮುಂದಿನ ಆಜ್ಞೆವರೆಗೆ ಮನೆಯಲ್ಲಿರಿ’ ಎಂದಿದ್ದರು. 1937ರ ಸೆಪ್ಟೆಂಬರ್. ಹಾಗೆ ಹೇಳಿಸಿಕೊಂಡ ಲಾಟ್ವಿಯನ್ ಅಧಿಕಾರಿಗಳು ಒಬ್ಬೊಬ್ಬರಾಗಿ ಜೈಲು ಸೇರಿದ್ದರು. ಅವರ ಮನೆಗೆ ಹೋಗಿಬಂದವರನ್ನೂ ಬಿಟ್ಟಿರಲಿಲ್ಲ.

“ಬಟ್ಟಲು ತೆಗೆದುಬಿಡೇ, ಒತಿಲಿಯಾ. ಯಾರೂ ಬರಲ್ಲ.”

“ಸುಮ್ನಿರಿ ನೀವು. ಒಬ್ಬರಾದ್ರೂ ಬಂದ್ರೆ ಕೆಟ್ಟದ್ದೇನೂ ಆಗಲ್ಲ ಅಂತ ಅರ್ಥ ಅಲ್ವಾ?” ಹೆಂಡತಿ ಇನ್ನೊಂದು ಬಟ್ಟಲನ್ನು ಒರೆಸಿಟ್ಟಳು.

ಬಾಗಿಲು ಬಡಿದ ಸದ್ದಾಯಿತು. ನೆಂಟರೋ, ಪೊಲೀಸರೋ?

ಬಂದವನು ಫ್ರಿಟ್ಸಿಸ್ ದೌಜೆ. ಒಂದೇ ಕಂದಕದಲ್ಲಿ ಜೊತೆಗೆ ಮಲಗೆದ್ದ ಹಳೆಯ ಗೆಳೆಯ, ಈಗಲೂ ಸೇನೆಯಲ್ಲೇ ಇದ್ದಾನೆ. “ಏನೋ ಇದು, ಸತ್ತವರ ಮನೆ ಥರ! ಎಲ್ಲೋದ್ರು ನಮ್ಮ ಕುಡುಕರೆಲ್ಲ?” ಎನ್ನುತ್ತ ಕೇಸರಿ ಹಾಕಿದ ಹಬ್ಬದ ರೊಟ್ಟಿಯನ್ನು ಮುರಿದು ಬಾಯಿಗಿಟ್ಟ. ಒತಿಲಿಯಾಗೆ ಹೋದ ಜೀವ ಬಂದಂತಾಯಿತು. ಆದರೆ ಬೇಸಿಗೆಯಿಡೀ ಕ್ರಿಮಿಯಾದ ಆಸ್ಪತ್ರೆಯಲ್ಲಿದ್ದು ಅಂದೇ ರೈಲಿಳಿದವನಿಗೆ ಇಲ್ಲಿನ ಯಾವ ಸುದ್ದಿಯೂ ಗೊತ್ತಿರಲಿಲ್ಲ.

ಮಿಕೆಲಿಸನಿಗೆ ಹೇಳಲು ಮನಸ್ಸೇ ಬರಲಿಲ್ಲ. ಇದ್ದವನೊಬ್ಬನೇ ಅತಿಥಿ. ಕೊನೆಗೆ ಪಿಸುದನಿಯಲ್ಲಿ ಎಲ್ಲ ಹೇಳಿದ.

ಫ್ರಿಟ್ಸಿಸ್ ರೊಟ್ಟಿ ಕೆಳಗಿಟ್ಟ. “ನಾನು ಹೋಗಲ್ಲ ಕಣೋ. ನೋಡೋರು ಹೇಗೂ ನೋಡಿಯಾಯ್ತು.”

“ಇಬ್ಬರು ಹೆಣ್ಣುಮಕ್ಕಳಿದಾರಲ್ಲೋ ನಿಂಗೆ, ಮುಠ್ಠಾಳ! ನೋಡಿದವರಿಗೆ ನೀನು ಜಗಳಕ್ಕೇ ಬಂದಿದ್ದೆ ಅಂತಾಗ್ಲಿ. ಏಳು.”

ಅವನ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೋದ ಮಿಕೆಲಿಸ್, ಬಾಗಿಲನ್ನು ಬೆರಳಷ್ಟು ತೆರೆದು ರಷ್ಯನ್ ಭಾಷೆಯಲ್ಲಿ ಗರ್ಜಿಸಿದ: “ನನ್ನ ಮನೆಗೇ ಬಂದು ನನ್ನನ್ನೇ ದ್ರೋಹಿ ಅಂತೀಯೇನೋ? ನಡಿಯೋ ಆಚೆ, ನಾಯಿ!”

ಎದುರುಮನೆಯ ಚಿಲಕ ಮೆಲ್ಲಗೆ ಸರಿಯಿತು. ಫ್ರಿಟ್ಸಿಸ್ ಗೆಳೆಯನ ಕೈಯನ್ನು ಬಿಗಿಯಾಗಿ ಹಿಡಿದು ನಿಂತುಬಿಟ್ಟ. ಒತಿಲಿಯಾ ಅವನ ಕಿವಿಯ ಬಳಿ ಬಾಗಿ ತಮ್ಮ ಲಾಟ್ವಿಯನ್ ಭಾಷೆಯಲ್ಲಿ ಅಂದಳು:

“ನೀವೂ ಬೈಯಿರಿ, ಅಣ್ಣಾ. ರಷ್ಯನ್ನಲ್ಲೇ ಬೈಯಿರಿ, ಎಲ್ಲರಿಗೂ ತಿಳಿಯೋ ಹಾಗೆ.”