ಗಾಜಿನೊಳಗಿನ ನೀತಿ

ಹಳೆಯ ಹಾಜರಿ ಪುಸ್ತಕಗಳೆಲ್ಲ ಬಾಯ್ಲರಿನ ಬೆಂಕಿಗೆ ಹೋದವೆಂದು ಕೇಳಿದ ಮೇಲೂ ಮ್ಯಾನೇಜರ್ ರವಿಚಂದ್ರ ಗೋಡೆಯತ್ತ ಬೆರಳು ತೋರಿಸುತ್ತಲೇ ಇದ್ದರು. ಅಲ್ಲಿ ಗಾಜಿನ ಚೌಕಟ್ಟಿನೊಳಗೆ ಬಂಗಾರದ ಬಣ್ಣದ ಅಕ್ಷರಗಳಿದ್ದವು: ‘ಪ್ರತಿಯೊಬ್ಬ ಕೆಲಸಗಾರರ ದಾಖಲೆಯನ್ನೂ ಜೋಪಾನವಾಗಿ ಇಡುವುದು ನಮ್ಮ ನೀತಿ.’ “ನಮ್ ಪಾಲಿಸಿ ಸ್ಪಷ್ಟ ಇತ್ತಲ್ದಾ, ನವ್ಯಶ್ರೀ. ಇನ್ನೆಂತ ಮಾಡ್ಕ್?”

ಕ್ಲಾರ್ಕ್ ನವ್ಯಶ್ರೀಗೆ ಮೈಯೆಲ್ಲ ಉರಿದುಹೋಯಿತು. ಮೇಜಿನ ಆಚೆ ಪದ್ದಕ್ಕ ನಿಂತಿದ್ದರು. ತೆಕ್ಕಟ್ಟೆಯ ಈ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆದೂ ಒಡೆದೂ ಅವರ ಬೆರಳುಗಳು ಕಪ್ಪಾಗಿದ್ದವು. ಅವರು ಇಲ್ಲಿ ದುಡಿದದ್ದಕ್ಕೆ ಪುರಾವೆ ತರಲು ಪಿಂಚಣಿ ಆಫೀಸಿನವರು ಹೇಳಿ ಕಳಿಸಿದ್ದರು.

“ಜೋಪಾನ ಇಡ್ಕ್ ಅಂದೇಳಿ ಬರ್ಸಿದ್ರಿ, ಸರ್. ಯಾರ್ ಇಡ್ಕ್, ಎಲ್ಲಿ ಇಡ್ಕ್, ಎಷ್ಟ್ ವರ್ಷ ಇಡ್ಕ್, ಅದ್ ಎಲ್ಲಿ ಬರ್ದಿತ್ತ್? ಮಳ್ಗಾಲ್ದಗೆ ಬಾಯ್ಲರ್ ಹತ್ಸುಕೆ ಒಣ ಕಾಗ್ದ ಬೇಕಿತ್ತ್. ಕೋಣೆಗೆ ಬೀಗ ಇರ್ಲಿಲ್ಲ. ಎಂತಕೆ ಅಂದೇಳಿ ಕೇಂಬುಕೆ ಜನ ಇರ್ಲಿಲ್ಲ. ಬಾಯ್ಲರಿನವ್ರ್ ತಕಂಡ್ ಹೋದ್ರ್.”

“ಅದೆಲ್ಲ ಸಣ್ಣ ಸಂಗತಿ,” ಎನ್ನುತ್ತ ರವಿಚಂದ್ರ ಕರವಸ್ತ್ರ ತೆಗೆದು ಗಾಜಿನ ಮೇಲಿನ ದೂಳನ್ನು ಒರೆಸತೊಡಗಿದರು. ಆ ಕೆಲಸವನ್ನು ಅವರು ಯಾರಿಗೂ ಬಿಟ್ಟವರಲ್ಲ. ದಿನಾ ಬೆಳಿಗ್ಗೆ ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಒಂದು ದಿನವೂ ತಪ್ಪಿದ್ದಿಲ್ಲ.

ನವ್ಯಶ್ರೀ ಅವರ ಕೈಯಡಿಯಿಂದಲೇ ಚೌಕಟ್ಟನ್ನು ಮೊಳೆಯಿಂದ ಕಳಚಿದಳು. ಪದ್ದಕ್ಕನ ಕಪ್ಪು ಕೈಗಳಲ್ಲಿ ಅದನ್ನು ಇಟ್ಟಳು.

“ಪಿಂಚಣಿ ಆಫೀಸಗೆ ಇದನ್ನೇ ತೋರ್ಸಿ, ಪದ್ದಕ್ಕ. ಇಲ್ಲಿ ಜೋಪಾನ ಮಾಡಿ ಇಟ್ಟದ್ ಇದೊಂದೇ.”