ಏರಿಸಿದ ಶ್ರುತಿ
ಶ್ರುತಿ ಏರಿಸುವ ಯಂತ್ರದ ಗುಂಡಿಯನ್ನು ಮಗಳು ತಿರುಗಿಸುತ್ತಿದ್ದಂತೆ ಮೈಕಿನ ಮುಂದೆ ಹಾಡುತ್ತಿದ್ದ ಗಾಯಕರ ಮೈ ಜುಮ್ಮೆಂದಿತು. ಗಂಟಲಿನ ಆಪರೇಷನ್ ಆದಮೇಲೆ ತಗ್ಗಿ ಒಡೆದುಹೋಗಿದ್ದ ದನಿ ಸ್ಪೀಕರಿನಲ್ಲಿ ಎಂಟು ವರ್ಷದ ಹಿಂದಿನಂತೆ ಮೇಲಕ್ಕೇರುತ್ತಿತ್ತು.

“ಅಪ್ಪಾ, ನಾಳೆ ಧೈರ್ಯವಾಗಿ ವೇದಿಕೆ ಹತ್ತಬಹುದು!” ಎಂದಳು ಮಗಳು, ಕಣ್ಣೊರೆಸಿಕೊಳ್ಳುತ್ತ. ಅವರು ಹಿಗ್ಗಿ, ಸೋಫಾದಲ್ಲಿ ತೂಕಡಿಸುತ್ತಿದ್ದ ಮೊಮ್ಮಗಳ ಮೆಚ್ಚಿನ ಜೋಗುಳ ಎತ್ತಿಕೊಂಡರು. ಆರು ವರ್ಷದ ಹುಡುಗಿ ಥಟ್ಟನೆ ಎದ್ದು ಕೂತಳು.

“ಅಮ್ಮಾ, ಇದ್ಯಾರು ಹಾಡ್ತಿರೋದು? ನಂಗೆ ಅಜ್ಜನೇ ಹಾಡ್ಬೇಕು.”

ಗಾಯಕರ ಹಾಡು ಅಲ್ಲೇ ನಿಂತಿತು. ಹುಟ್ಟಿದಾಗಿನಿಂದ ಈ ಕೂಸು ನಿದ್ದೆಹೋದದ್ದು, ಪರರೆದುರು ತೆರೆಯಲು ತಾವು ನಾಚುತ್ತಿದ್ದ ಆ ಒಡಕು ಗಂಟಲಿಗೇ. ಅವರು ಕೈಚಾಚಿ ತಾವೇ ಯಂತ್ರವನ್ನು ಆಫ್ ಮಾಡಿದರು.

“ನಾಳೆಗೂ ಇದು ಬೇಡ ಕಣಮ್ಮ,” ಎಂದು ಮಗಳಿಗೆ ಹೇಳಿ, ಜೋಗುಳವನ್ನು ಮೊದಲಿನಿಂದ ಹಾಡತೊಡಗಿದರು.