ಅತ್ತೆಯನ್ನು ಹೊತ್ತೊಯ್ದ ಕೆರೆ

ಕಾಡಿನ ಕೆರೆ ದಿನಾ ಬೆಳಿಗ್ಗೆ ಬಿಸಿಲು ಕಾಯಿಸಲು ತೇಗದ ಮರಗಳ ಮೇಲಕ್ಕೆ ಏಳುತ್ತದೆ, ಸಂಜೆ ಇಳಿಯುತ್ತದೆ. ಅದಕ್ಕೇ ರಾತ್ರಿ ಕಯಾಕ್ ದೋಣಿಯನ್ನು ಉದ್ದ ಹಗ್ಗದಿಂದ ಮರಕ್ಕೆ ಕಟ್ಟಬೇಕು. ವಿಶಾಲಾಕ್ಷಿ ಅದನ್ನು ಅತ್ತೆ ಮಲಗಿದ್ದ ಟೆಂಟಿಗೆ ಕಟ್ಟಿಬಿಟ್ಟಿದ್ದಳು. ಬೆಳಿಗ್ಗೆ ನೋಡಿದರೆ ಕೆರೆಯ ಜತೆ ಕಯಾಕೂ ಇಲ್ಲ, ಟೆಂಟೂ ಇಲ್ಲ.

"ನಮ್ಮತ್ತಿಯವರು ನೀರು ಕಂಡ್ರನ ಹೆದರ್ತಾರ್ರೀ! ನಿನ್ನೆ ದಂಡಿಗೂ ಬಂದಿಲ್ಲ" ಎಂದು ಪಾರ್ಕಿನ ಕಾವಲುಗಾರ ಇಮಾಮಸಾಬರ ಮುಂದೆ ಗೋಳಾಡಿದಳು.

"ಅಳಬ್ಯಾಡವಾ, ತಿಂಗಳಿಗೊಂದು ಟೆಂಟ್ ಹೋಗೂದ. ಸಂಜೀಕ ಇಳೀತಾರ" ಎನ್ನುತ್ತ ಅವರು ಮೇಲಕ್ಕೆ ಕಳಿಸಲು ಕಾವಲು ಗೋಪುರದ ರಾಟೆಗೆ ನಾಷ್ಟಾದ ಬುಟ್ಟಿ ಕಟ್ಟಿದರು.

"ಅತ್ತೀ, ಹೆದರಬ್ಯಾಡ್ರಿ! ಸಂಜಿತನಕ ತಡೀರಿ!"

ಮೇಲೆ, ಕಯಾಕಿನ ಅಂಚಿನಿಂದ ಅತ್ತೆಯ ಒದ್ದೆ ತಲೆ ಇಣುಕಿತು.

"ಚಾ ಕಳಸು. ಹಂಗ ಆ ಹುಟ್ಟೂ ಕಳಸು. ಕೈಲೇ ನೀರು ತಳ್ಳಿ ತಳ್ಳಿ ಸಾಕಾಗೈತಿ!"